ದೂರು: ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ರೈಲ್ ಟ್ರೈಲ್ (ಹಳೇ ರೈಲ್ವೆ ಲೈನಿನ ಸೈಕಲ್ ದಾರಿ) ಟೂರ್‌ನಾಗ ರಸ್ತೆ ಬಗ್ಗೆ ಹೇಳಿದ ಸುಳ್ಳು, ಮತ್ತ ‘ಟ್ರೈಲ್ ಮೇಂಟೆನನ್ಸ್’ ಅಂತ ತಗೊಂಡ ರೊಕ್ಕ

ಮ್ಯಾನೇಜರ್ ಸಾಹೇಬ್ರಿಗೆ,
ಟೂರ್ ಕಂಪನಿ, ಠಾಣೆ ಊರಿನ (ಮುಂಬೈ ಹತ್ರ) ಆಫೀಸು

ನಮಸ್ಕಾರ ಸರ್,

ಬುಕಿಂಗ್ ಟೈಮಿಗೆ ನೀವು ಫೋನಿನಾಗ ಚೆಂದ ಕನ್ನಡದಾಗ ಮಾತಾಡಿದ್ರಿ, ನಮ್ಮ ಕಡೆಯವರು ಅಂತ ನಂಬಿ ಪೂರ್ತಿ ರೊಕ್ಕ ಮೊದ್ಲೇ ಕಟ್ಟಿದ್ವಿ, ಅದಕ್ಕ ದೂರೂ ಕನ್ನಡದಾಗೇ ಬರೀಲಿಕತ್ತೀನಿ. ವಾಟ್ಸ್ಆಪ್‌ನಾಗ ಕೇಳಿದ್ರ ಬ್ಲೂ ಟಿಕ್ ಬರ್ತದ, ಉತ್ತರ ಬರಂಗಿಲ್ಲ.

ನಾವು ಪುಣೆದಾಗ ಕೋಥ್ರೂಡ್, ವಾರ್ಜೆ ಕಡೆ ಇರೋ ಕನ್ನಡ ಮಂದಿ, ಐತವಾರ ಮುಂಜಾನೆ ಖಡಕವಾಸಲಾ ತನಕ ಸೈಕಲ್ ಹೊಡಿಯೋರು, ಆಗಾಗ ಸಿಂಹಗಡದ ಬುಡದ ತನಕ. ರೇಸ್ ಮಾಡೋರಲ್ಲ, ಹಂಗಂತ ಸೈಕಲ್ ಗೊತ್ತಿಲ್ಲದೋರೂ ಅಲ್ಲ. ಅದಕ್ಕೇ ಬುಕಿಂಗ್ ಮಾಡೋಮುಂದ ನಾನು ಕೇಳಿದ್ದು ಒಂದೇ ಪ್ರಶ್ನೆ, ರಸ್ತೆ ಹೆಂಗದ, ಯಾವ ಟೈರ್ ಬೇಕಾಗ್ತದ ಅಂತ. ನೀವು ಹೇಳಿದ್ದು, ಹಳೇ ರೈಲ್ವೆ ಲೈನ್ ಸರ್, ಪೂರಾ ಸಪಾಟ, ಡಾಂಬರ್ ರಸ್ತೆ ಇದ್ದಂಗ ಸ್ಮೂತ್, ಯಾವ ಸೈಕಲ್ ಆದ್ರೂ ನಡೀತದ. ಈ ಮಾತು ಮೆಸೇಜಿನಾಗೂ ಅದ, ಸ್ಕ್ರೀನ್‌ಶಾಟ್ ಹಚ್ಚೀನಿ.

ಸಪಾಟ ಅನ್ನೋದು ಹತ್ರಹತ್ರ ಖರೇನ. ರೈಲು ಹತ್ತಲಿ ಅಂತ ಕಟ್ಟಿದ ದಾರಿ, ಎಲ್ಲೂ 50 ಮೀಟರಿಗೆ 1 ಮೀಟರಕಿಂತ ಜಾಸ್ತಿ ಏರಿಲ್ಲ, ಕಾತ್ರಜ್ ಘಾಟ್ ಹತ್ತೋರಿಗೆ ಅದು ಏರು ಅಂತನೇ ಅನ್ಸಂಗಿಲ್ಲ. ಆದ್ರ ಸ್ಮೂತ್ ಅಂತ ಯಾರು ಹೇಳಿದ್ರಿ ನಿಮಗ? 1990ರಾಗ ರೈಲು ನಿಂತು, ಹಳಿ ಕಿತ್ತು, 2000ದಾಗ ಸೈಕಲ್ಲಿಗೆ ತೆರೆದ ದಾರಿ ಅದು, ಕ್ಲೈಡ್‌ದಿಂದ ಮಿಡಲ್‌ಮಾರ್ಚ್ ತನಕ 152 ಕಿಲೋಮೀಟರ್, ಮತ್ತ ಮ್ಯಾಲೆ ಇರೋದು ಸಣ್ಣ ಕಡಿ, ಅಂದ್ರ ಜಲ್ಲಿಕಲ್ಲು. ಡಾಂಬರ್ ಅಲ್ಲ. ಸೇತುವೆ ಮ್ಯಾಲೆ ಕಟ್ಟಿಗಿ ಹಲಗಿ, ಕುರಿ ದನ ದಾಟಬಾರದು ಅಂತ ಅಲ್ಲಲ್ಲಿ ಅಡ್ಡಕ್ಕ ಕಬ್ಬಿಣದ ಜಾಳಿಗಿ. ಹ್ಯಾಂಗ ಇರಬೇಕೋ ಹಂಗ ಅದ ಅದು, ಅಲ್ಲಿ ಮಂದಿ ಭಾಳ ಪ್ರೀತಿಲೆ ಇಟ್ಕೊಂಡಾರ, ನನ್ನ ದೂರು ಆ ದಾರಿ ಮ್ಯಾಲೆ ಅಲ್ಲ, ಅದಕ್ಕ ನೀವು ಕೊಟ್ಟ ಸೈಕಲ್ ಮ್ಯಾಲೆ.

ಅಗಲ ಟೈರಿನ ಮೌಂಟನ್ ಬೈಕ್ ಬೇಕಾದ ಕಡೆ ನೀವು ಕೊಟ್ಟಿದ್ದು 28 ಎಂಎಂ ಟೈರಿನ ಹೈಬ್ರಿಡ್ ಸೈಕಲ್, ಅದೂ ಸವೆದ ಟೈರು. ಗಟ್ಟಿಯಾಗಿ ಕೂತ ಕಡಿ ಮ್ಯಾಲೆ ಹೆಂಗೋ ನಡೀತು. ತಮಾಷೆ ಏನಂದ್ರ ನಮಗ ಭಾಳ ತ್ರಾಸಾಗಿದ್ದು ದಾರಿ ಕೆಟ್ಟಿದ್ದಲ್ಲಿ ಅಲ್ಲ, ರಿಪೇರಿ ಮಾಡಿ ಹೊಸಾ ಕಡಿ ಹಾಸಿದ್ದಲ್ಲಿ. ಅಲ್ಲಿ ಆ ಸಣ್ಣ ಟೈರು ಒಳಗ ಇಳಿದು ಹ್ಯಾಂಡಲ್ ತಂತಾನೇ ತಿರುಗ್ತಿತ್ತು, ನಮ್ಮ ಜೋಡಿ ಇದ್ದ ಅಕ್ಕಾರು ಬಿದ್ದು ಮೊಣಕೈ ಕೆತ್ತಿಸಿಕೊಂಡ್ರು, ಆಮ್ಯಾಲೆ ಅವರು ಹೊಸಾ ಕಡಿ ಕಂಡಲ್ಲೆಲ್ಲಾ ಇಳಿದು ನೂಕ್ಕೋತ ನಡೆದ್ರು. ಅಗಲ ಟೈರಿನ ಮ್ಯಾಲೆ ಅರವತ್ತು ದಾಟಿದ ಅಜ್ಜ ಅಜ್ಜಿ ನಮ್ಮನ್ನ ದಾಟಿ ಕೈ ಬೀಸಿ ಹೋಗ್ತಿದ್ರು.

ಇನ್ನ ಪಂಕ್ಚರ್ ಕತಿ. ಲಾಡರ್‌ದಿಂದ ಒಟುರೆಹುವಾ ನಡುವ, ಪೂಲ್‌ಬರ್ನ್ ಗಾರ್ಜ್ ಅಂತ ಬರ್ತದ, ಎರಡು ಸುರಂಗ, ಎತ್ತರದ ಕಲ್ಲಿನ ಕಂಬದ ಸೇತುವೆ, ಪೂರಾ ಟ್ರೈಲ್‌ನಾಗ ಚೆಂದ ಅಂದ್ರ ಅದೇ, ಆದ್ರ ಆ ನಡುವ ಒಂದು ಊರಿಲ್ಲ ಅಂಗಡಿ ಇಲ್ಲ. ಅಲ್ಲಿ ಟೈರ್ ಹೋತು. ನಿಮ್ಮ ಕಿಟ್ ಬಿಚ್ಚಿದ್ರ ಒಳಗಿದ್ದ ಟ್ಯೂಬ್ 26 ಇಂಚಿನವು, ಸೈಕಲ್ ಚಕ್ರ 700 ಸಿ, ಅಂದ್ರ ಅದಕಿಂತ ದೊಡ್ಡ ಸೈಜು. ಸರಿ ಪ್ಯಾಚ್ ಹಚ್ಚೋಣು ಅಂದ್ವಿ, ಹಚ್ಚಿದ್ವಿ ಕೂಡ, ಗಾಳಿ ತುಂಬಬೇಕಲ್ಲ, ಚಕ್ರದಾಗ ಪ್ರೆಸ್ಟಾ ಅನ್ನೋ ಸಪೂರ ವಾಲ್ವ್, ನೀವು ಕೊಟ್ಟ ಪಂಪ್ ಮೋಟರ್‌ಸೈಕಲ್ ವಾಲ್ವಿಂದು, ಅಡಾಪ್ಟರ್ ಇಲ್ಲ. ಹತ್ತು ರೂಪಾಯಿ ಸಾಮಾನು ಸರ್ ಅದು, ನಮ್ಮ ಕರ್ವೆ ರೋಡಿನ ಯಾವ ಸೈಕಲ್ ಅಂಗಡಿಯವನೂ ಕಣ್ಣು ಮುಚ್ಚಿ ತೆಗೆದು ಕೊಡ್ತಾನ. ಹಿಂದಿಂದ ಬಂದ ಒಬ್ಬ ಪುಣ್ಯಾತ್ಮ ತನ್ನ ಪಂಪ್ ಕೊಟ್ಟ. ನಿಮ್ಮ ‘24 ತಾಸು ಸಪೋರ್ಟ್’ ನಂಬರಿಗೆ ಹಚ್ಚಿದ್ರ ಎತ್ತಿದವರು, ಸರ್ ಇಲ್ಲೇ ಹತ್ರದಾಗ ಪಂಕ್ಚರ್ ಅಂಗಡಿ ನೋಡ್ರಿ ಅಂದ್ರು!

ಸುರಂಗದಾಗ ಲೈಟ್ ಇಲ್ಲ, ಟಾರ್ಚ್ ತರ್ರಿ ಅಂತ ಟ್ರೈಲಿನವರು ಮೊದ್ಲೇ ಹೇಳ್ತಾರ, ನಿಮ್ಮ ಸಾಮಾನಿನ ಲಿಸ್ಟ್‌ನಾಗ ಸನ್‌ಗ್ಲಾಸ್ ಅದ, ಟಾರ್ಚ್ ಇಲ್ಲ. ಏಪ್ರಿಲ್ ಮೊದಲ ಐತವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದ ಹಾಕ್ತಾರ, ನಾವು ಹೋಗಿದ್ದು ಅದರ ನಂತರ, ನೀವು ಕೊಟ್ಟ ಟೈಮ್ ಟೇಬಲ್ ಮಾತ್ರ ಬ್ಯಾಸಗಿದೇ, ಹಿಂಗಾಗಿ ಕತ್ತಲದಾಗ ಮುಕ್ಕಾಮು ಮುಟ್ಟಿದ್ವಿ. ಹೈಡ್ ಹತ್ರ 1943ರಾಗ ರೈಲು ಹಳಿ ತಪ್ಪಿ 21 ಮಂದಿ ಸತ್ತಾರ, ಅವರ ಸ್ಮಾರಕ ಅದ, ಅದನ್ನ ನೀವು ಶೆಡ್ಯೂಲ್‌ನಾಗ ‘ಫನ್ ಫೋಟೋ ಸ್ಟಾಪ್’ ಅಂತ ಬರ್ದೀರಿ. ಯಾರೂ ಓದಂಗಿಲ್ಲ ಅನ್ಕೊಂಡ್ರೇನು?

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಬಿಲ್ಲಿನಾಗ ತಲಿಗೆ ಇಷ್ಟು ಅಂತ ‘ಟ್ರೈಲ್ ಎಂಟ್ರಿ ಮತ್ತು ಮೇಂಟೆನನ್ಸ್ ಚಾರ್ಜ್’ ಹಾಕೀರಿ, ಅದರ ಮ್ಯಾಲೆ ಜಿಎಸ್‌ಟಿ ಬ್ಯಾರೆ. ಆ ಟ್ರೈಲ್ ಫ್ರೀ ಸರ್. ಯಾರ ಬೇಕಾದ್ರೂ ಹೋಗಬಹುದು, ಟಿಕೆಟ್ ಇಲ್ಲ, ಗೇಟಿನಾಗ ಕೂತು ರೊಕ್ಕ ಕೇಳೋರಿಲ್ಲ. ಜಾಗ ಅಲ್ಲಿ ಸರ್ಕಾರದ ಕನ್ಸರ್ವೇಶನ್ ಇಲಾಖೆದು, ಜೋಡಿಗೆ ಒಂದು ಟ್ರಸ್ಟ್ ಅದ, ಕೊಡಬೇಕು ಅನ್ಸಿದವರು ದೇಣಿಗಿ ಕೊಡ್ತಾರ. ದಾರಿ ಮ್ಯಾಲೆ ಸ್ಟಾಂಪ್ ಹಾಕಿಸಿಕೊಳ್ಳೋ ಪಾಸ್‌ಪೋರ್ಟ್ ಪುಸ್ತಕನೂ ಸಿಗ್ತದ, ಅದನ್ನ ನಾವು ನಮ್ಮ ಕಿಸೆದಿಂದನೇ ತಗೊಂಡ್ವಿ. ಹಂಗಾದ್ರ ನಮ್ಮ ಕಡೆ ತಗೊಂಡ ಮೇಂಟೆನನ್ಸ್ ರೊಕ್ಕ ಎಲ್ಲಿ ಹೋತು? ಟ್ರಸ್ಟಿಗೆ ಕೊಟ್ಟಿದ್ರ ರಸೀದಿ ಕಳಸ್ರಿ, ನಾನು ಒಂದು ಮಾತೂ ಆಡಂಗಿಲ್ಲ, ಕುಶೀನೇ ಆಗ್ತದ. ಕೊಟ್ಟಿಲ್ಲ ಅಂದ್ರ ವಾಪಸ್ ಮಾಡ್ರಿ.

ಎರಡನೇದು, ರ‍್ಯಾನ್‌ಫರ್ಲಿಯಿಂದ ಮುಂದ ನಿಮ್ಮ ಸೈಕಲ್ ಸಾಕಾಗಿ ನಾವೇ ಅಲ್ಲಿ ಮೌಂಟನ್ ಬೈಕ್ ಬಾಡಿಗಿಗೆ ತಗೊಂಡ್ವಿ, ಅದರ ಬಿಲ್ಲೂ ಹಚ್ಚೀನಿ, ಅದು ನೀವು ಕೊಡಬೇಕು. ಪೂರಾ ಟೂರಿನ ರೊಕ್ಕ ನಾನು ಕೇಳ್ತಿಲ್ಲ. ರೂಮ್ ಚಲೋ ಇದ್ವು, ಬ್ಯಾಗ್ ಸಾಗಿಸೋ ಗಾಡಿ ಟೈಮಿಗೆ ಬಂತು, ಇದ್ದದ್ದು ಇದ್ದಂಗ ಹೇಳಬೇಕು. ಊಟದ್ದು ಬಿಡ್ರಿ.

ಬಿಲ್ಲಿನ ಕೆಳಗ ಸಣ್ಣ ಅಕ್ಷರದಾಗ ತಕರಾರು ಇದ್ರ ಠಾಣೆ ಊರಾಗ ಮಾತ್ರ ಅಂತ ಛಾಪ್ಸೀರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನು ಇರೋ ಪುಣೆ ಜಿಲ್ಲಾ ಗ್ರಾಹಕ ಆಯೋಗದಾಗೇ ಕೇಸ್ ಹಾಕಬಹುದು, ಎರಡು ವರ್ಷ ಟೈಮ್ ಅದ, ಇಷ್ಟು ಸಣ್ಣ ಮೊತ್ತಕ್ಕ ಫೀನೂ ಇಲ್ಲ. ಮೊದ್ಲು ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ತೀನಿ. ಅಲ್ಲಿತನಕ ಹೋಗಬಾರದು ಅಂತನೇ ಈ ಪತ್ರ.

15 ದಿನದಾಗ ಬರವಣಿಗಿನಾಗ ಉತ್ತರ ಕೊಡ್ರಿ, ಫೋನ್ ಬ್ಯಾಡ. ಮುಂದಿನ ಬ್ಯಾಚಿನವರಿಗೆ ಡಿಸೆಂಬರ್‌ದ್ದು ಬುಕಿಂಗ್ ಶುರು ಮಾಡೀರಿ ಅಂತ ಕೇಳಿದೆ, ಅವರಿಗೆ ಕಡಿ ರಸ್ತೆ ಅಂತ ಈಗಲೇ ಹೇಳ್ರಿ, ಅಗಲ ಟೈರ್ ಕೊಡ್ರಿ, ವಾಲ್ವಿಗೆ ಹೊಂದೋ ಪಂಪ್ ಇಡ್ರಿ.

ಇಂತಿ,
ಏಪ್ರಿಲ್ ಬ್ಯಾಚಿನ ಎಲ್ಲರ ಪರವಾಗಿ,
ಕೋಥ್ರೂಡ್, ಪುಣೆ

ಜೋಡಿಗೆ: ಬಿಲ್ ಕಾಪಿ, ಮೆಸೇಜ್ ಸ್ಕ್ರೀನ್‌ಶಾಟ್, ಟ್ಯೂಬ್ ಮತ್ತ ಪಂಪಿನ ಫೋಟೋ, ಮೌಂಟನ್ ಬೈಕ್ ಬಾಡಿಗಿ ರಸೀದಿ