ತರಗತಿಯಲ್ಲಿ ಜಾತಿ ಕೇಳಿ ಎಬ್ಬಿಸುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿವೇತನದ ಅರ್ಜಿ ಹಾಕುವ ಹೊತ್ತಿದು. ‘ಎಸ್‌ಸಿ, ಎಸ್‌ಟಿ ಮಕ್ಕಳೆಲ್ಲ ಎದ್ದು ನಿಲ್ಲಿ, ಕ್ಯಾಸ್ಟ್ ಸರ್ಟಿಫಿಕೇಟ್ ಯಾರ‍್ಯಾರು ತಂದಿಲ್ಲ?’ ಎಂದು ತುಂಬಿದ ತರಗತಿಯಲ್ಲಿ ಕೇಳುವ ರೂಢಿ ಇನ್ನೂ ಹೋಗಿಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ಗಣಿತ ಪಾಠ ಮಾಡುವ ನನಗೆ ಇದರ ಹಿಂದಿನ ಒತ್ತಡ ಗೊತ್ತು. ಕೊನೆಯ ದಿನಾಂಕ ಹತ್ತಿರ ಬಂದಿರುತ್ತದೆ, ಕಚೇರಿಯಿಂದ ಮೇಲಿಂದ ಮೇಲೆ ಫೋನು ಬರುತ್ತಿರುತ್ತದೆ. ಕೇಳುವ ಶಿಕ್ಷಕರ ಮನಸ್ಸು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ.

ನನ್ನ ಅಕ್ಕನ ಮಗಳು ಬೇರೊಂದು ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಾಳೆ. ಅಕ್ಕ, ಭಾವ ಇನ್ನೊಬ್ಬರ ತೋಟದಲ್ಲಿ ದುಡಿಯುವವರು. ವಿದ್ಯಾರ್ಥಿವೇತನದ ಹಣ ಅವರಿಗೆ ಸಣ್ಣದಲ್ಲ. ಕಳೆದ ವರ್ಷ ಭಾವ ಕೆಲಸ ಬಿಟ್ಟು ನಾಡಕಚೇರಿಗೆ ಓಡಾಡಿ ತಂದುಕೊಟ್ಟ ಪ್ರಮಾಣಪತ್ರವನ್ನು ಅವಳು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದಳು, ಶಾಲೆಗೆ ಕೊಡಲಿಲ್ಲ. ಕೇಳಿದರೆ, ‘ಚಿಕ್ಕಮ್ಮ, ಆ ದುಡ್ಡು ನಂಗೆ ಬೇಡ’ ಅಂದಳು. ಬಹಳ ಹೊತ್ತಿನ ಮೇಲೆ ವಿಷಯ ಬಾಯಿಬಿಟ್ಟಳು. ಎಬ್ಬಿಸಿ ನಿಲ್ಲಿಸಿದಾಗ ಪಕ್ಕದಲ್ಲಿ ಕೂತ ಗೆಳತಿ ತಲೆಯೆತ್ತಿ ನೋಡಿದಳಂತೆ. ಏನೂ ಅನ್ನಲಿಲ್ಲವಂತೆ, ನೋಡಿದಳಷ್ಟೆ. ಆಮೇಲೆ ಈ ಹುಡುಗಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಕೈ ಎತ್ತುವುದನ್ನೇ ಬಿಟ್ಟಳು. ಮನೆಯಲ್ಲಿ ಅದೇ ಬೀಜಗಣಿತವನ್ನು ಸಲೀಸಾಗಿ ಮಾಡುತ್ತಾಳೆ.

ಎದುರಿನವರ ಕಣ್ಣಿಗೆ ನಾವು ಹೇಗೆ ಕಾಣುತ್ತಿದ್ದೇವೆ ಎಂಬ ಊಹೆಯಿಂದಲೇ ‘ನಾನು’ ಎಂಬುದು ರೂಪುಗೊಳ್ಳುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲೇ ಬರೆದಿದ್ದರು. ನಮ್ಮ ದೇಶದಲ್ಲೇ ಇದಕ್ಕೆ ಸಾಕ್ಷಿಯಿದೆ. ಅರ್ಥಶಾಸ್ತ್ರಜ್ಞೆಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟು ಬಿಡಿಸಲು ಹೇಳಿದರು. ಮೇಲ್ಜಾತಿಯ 321, ಕೆಳಜಾತಿಯ 321 ಮಕ್ಕಳು, ಬಿಡಿಸಿದಷ್ಟಕ್ಕೂ ಹಣ. ಜಾತಿಯ ಸುದ್ದಿ ಎತ್ತದಿದ್ದಾಗ ಎರಡೂ ಕಡೆಯವರು ಸರಿಸಮ. ಎಲ್ಲರೆದುರು ಅಪ್ಪ, ಅಜ್ಜನ ಹೆಸರಿನೊಂದಿಗೆ ಜಾತಿಯನ್ನೂ ಓದಿದಾಗ ಕೆಳಜಾತಿಯ ಮಕ್ಕಳು ಬಿಡಿಸಿದ ಒಗಟುಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಯಾರೂ ಅವರನ್ನು ಬೈದಿರಲಿಲ್ಲ, ಹಂಗಿಸಿರಲಿಲ್ಲ. ಪಟ್ಟಿ ಓದಿದ್ದರು, ಅಷ್ಟೆ. 2004ರಲ್ಲಿ ವಿಶ್ವಬ್ಯಾಂಕ್ ಈ ಅಧ್ಯಯನವನ್ನು ಪ್ರಕಟಿಸಿತು. ಅದನ್ನು ಓದಿದಾಗಿನಿಂದ, ನಾವು ‘ದಡ್ಡ’ ಎಂದುಕೊಂಡ ಎಷ್ಟು ಮಕ್ಕಳು ನಿಜಕ್ಕೂ ದಡ್ಡರು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

‘ಮುಚ್ಚಿಡುವಂಥದ್ದು ಏನಿದೆ, ಹೆಮ್ಮೆಯಿಂದ ಹೇಳಿಕೊಳ್ಳಲಿ’ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನೂ ಅದೇ ಸಮುದಾಯದವಳು, ಮರೆಮಾಚುವ ಆಸೆ ನನಗಿಲ್ಲ. ಆದರೆ ಬೆಳೆದವರು ತಾವಾಗಿ ಹೇಳಿಕೊಳ್ಳುವುದು ಬೇರೆ, ಹದಿಮೂರರ ಮಗುವನ್ನು ಜಾತಿ ಹಿಡಿದು ಎಬ್ಬಿಸುವುದು ಬೇರೆ. ವಿದ್ಯಾರ್ಥಿವೇತನ ಆ ಮಗುವಿನ ಹಕ್ಕು. ಅದನ್ನು ಪಡೆಯಲು ಗೆಳತಿಯ ಮುಂದೆ ಕುಗ್ಗಿ ನಿಲ್ಲಬೇಕೇ?

ಕೆಲಸದ ದೃಷ್ಟಿಯಿಂದಲೂ ಇದರ ಅಗತ್ಯವಿಲ್ಲ. ಮಗುವಿನ ಜಾತಿ ವಿವರ ದಾಖಲಾತಿ ಹೊತ್ತಿಗೇ, ಮಕ್ಕಳ ಮಾಹಿತಿ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಸೇರಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಸರ್ಕಾರಿ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ಗೆ ಬೇಕಾದ ಆರ್‌ಡಿ ಸಂಖ್ಯೆಯನ್ನು (ಜಾತಿ ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಪೋಷಕರಿಂದಲೇ ಪಡೆಯಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದವರ ಹೆಸರನ್ನೂ ಕೂಗಬೇಕಿಲ್ಲ, ಮನೆಗೆ ಫೋನ್ ಮಾಡಿದರೆ ಸಾಕು.

ಶಾಲಾ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಯಾವ ಶಾಲೆಯಲ್ಲೂ ತರಗತಿಯೊಳಗೆ ಜಾತಿವಾರು ಹೆಸರು ಓದಕೂಡದು, ಮಕ್ಕಳನ್ನು ಎಬ್ಬಿಸಿ ಎಣಿಸಕೂಡದು, ಕಾಗದಪತ್ರಗಳನ್ನು ಪೋಷಕರು ನೇರವಾಗಿ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕೊಡುವಂತಾಗಬೇಕು. ಈ ಸಾಲಿನ ಅರ್ಜಿಗಳು ಮುಗಿಯುವ ಮೊದಲೇ ಅದು ಶಾಲೆಗಳಿಗೆ ತಲುಪಲಿ ಎಂದು ಕೋರುತ್ತೇನೆ.

– ಒಬ್ಬ ಗಣಿತ ಶಿಕ್ಷಕಿ, ಹಿರಿಯೂರು