ಹಿರಿಯರ ಬಾಲ್ಯದ ನೆನಪು: ಈ ತಿಂಗಳು ಬರೆದಿಡೋಣ

ಎಲ್ಲರಿಗೂ ನಮಸ್ಕಾರ.

ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಅಕ್ಕಪಕ್ಕದಲ್ಲಿರುವ, ಎಂಬತ್ತು ದಾಟಿದ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಇಲ್ಲೇ ಬೆಳೆದವರು. ಅವರ ಬಾಲ್ಯದ ಮಾತುಗಳನ್ನು ಕೇಳಿ ಬರೆದಿಡೋಣ. ದಯವಿಟ್ಟು ತಡ ಮಾಡಬೇಡಿ.

ನಮ್ಮ ಪಕ್ಕದ ಮನೆಯ ಅಜ್ಜಿ ಹೇಳಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅವರ ಅಪ್ಪನಿಗೆ ಹತ್ತಿ ಗಿರಣಿಯಲ್ಲಿ ಕೆಲಸ. ಸಾಲುಮನೆ. ಬಚ್ಚಲಿಲ್ಲ, ಕಕ್ಕಸು ಹಿತ್ತಲಲ್ಲಿ. ವಾರಕ್ಕೊಮ್ಮೆ ಕಲ್ಲಿದ್ದಲ ಬೆಂಕಿಯ ಮುಂದೆ ತಗಡಿನ ತೊಟ್ಟಿ ಇಟ್ಟು, ಒಬ್ಬರಾದ ಮೇಲೊಬ್ಬರು ಅದೇ ನೀರಲ್ಲಿ ಸ್ನಾನ ಮಾಡುತ್ತಿದ್ದರಂತೆ. 1940ರ ಡಿಸೆಂಬರ್‌ನಲ್ಲಿ ಬಾಂಬು ಬಿದ್ದು ಪಾಳಾದ ಜಾಗಗಳೇ ಮಕ್ಕಳಿಗೆ ಆಟದ ಬಯಲು. ಹಳೇ ಬಟ್ಟೆ ಕೊಟ್ಟರೆ ಗಾಡಿಯವನು ಡಾಂಕಿ ಸ್ಟೋನ್ ಅನ್ನುವ ಉಜ್ಜುವ ಕಲ್ಲು ಕೊಡುತ್ತಿದ್ದ. ಅಮ್ಮ ಮಂಡಿಯೂರಿ ಕೂತು ಬಾಗಿಲ ಮೆಟ್ಟಿಲನ್ನು ಅದರಲ್ಲಿ ಉಜ್ಜುತ್ತಿದ್ದರು. ಮನೆ ಬಡವಾದರೂ ಮೆಟ್ಟಿಲು ಹೊಳೆಯಬೇಕು! ಹೊಸ್ತಿಲು ತೊಳೆದು ರಂಗೋಲಿ ಇಡುವ ನಮ್ಮ ಅಮ್ಮಂದಿರು ನೆನಪಾಗುತ್ತಾರೆ, ಅಲ್ವಾ?

ಶಾಲೆಯಲ್ಲಿ ದಿನಾ ಪುಟ್ಟ ಬಾಟಲಿಯಲ್ಲಿ ಪುಕ್ಕಟೆ ಹಾಲು, ಪಿಂಟ್‌ನ ಮೂರನೇ ಒಂದು ಭಾಗ. ಯುದ್ಧಕಾಲದಿಂದ ಮಿಠಾಯಿಗೆ ಇದ್ದ ರೇಷನ್, ಅಂದರೆ ಇಷ್ಟೇ ಕೊಳ್ಳಬೇಕು ಅನ್ನುವ ಮಿತಿ, 1953ರ ಫೆಬ್ರವರಿ 5ರಂದು ಹೋಯಿತು. ಆ ದಿನದ ಬಗ್ಗೆ ಖಂಡಿತ ಕೇಳಿ, ಮುಖ ಅರಳುತ್ತದೆ. ಮಾಂಸದ ರೇಷನ್ ಮುಗಿಯಲು 1954ರ ಜುಲೈ ಬರಬೇಕಾಯಿತು.

ಮೊದಲು ಅವರ ಒಪ್ಪಿಗೆ ಕೇಳಿ. ಗುಂಪಿನಲ್ಲಿ ಹೆಸರು, ವಿಳಾಸ ಹಾಕಬೇಡಿ. ಬರೆಯಲು ಆಗದಿದ್ದರೆ ಧ್ವನಿ ಸಂದೇಶ ಸಾಕು. ಅವಸರ ಮಾಡದೆ, ಜೊತೆಗೆ ಕೂತು ಒಂದು ಲೋಟ ಟೀ ಕುಡಿಯಿರಿ. ತಿಂಗಳ ಕೊನೆಯ ಭಾನುವಾರದೊಳಗೆ ಇಲ್ಲಿ ಕಳಿಸಿ.