ರೊಟ್ಟಿ ಮಾರುವ ಮುನ್ನ ಉದ್ರಿ ಲೆಕ್ಕ ಹಾಕಿ

ಸಂಪಾದಕರೇ,

ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರಲು ಹೊರಟಾಗ, ರೊಟ್ಟಿ ಚೆನ್ನಾಗಿದ್ದರೆ ಸಾಕು ಅಂದುಕೊಂಡಿದ್ದೆ. ಕಷ್ಟ ಬಂದದ್ದು ಉದ್ರಿಯಿಂದ. ಅಂಗಡಿಯವರು ಹತ್ತು ರೊಟ್ಟಿಯ ಕಟ್ಟು ಇಳಿಸಿಕೊಂಡು ‘ಮುಂದಿನ ವಾರ ಬನ್ನಿ’ ಅಂತಾರೆ. ಮುರಿದದ್ದೆಲ್ಲ ವಾಪಸ್. ಜೋಳಕ್ಕೆ ಮಾತ್ರ ನಾವು ರೋಖ ಎಣಿಸಲೇಬೇಕು, ಅಲ್ವಾ?

ಹೊಸಬರು ಆರು ತಿಂಗಳ ಮನೆಖರ್ಚನ್ನು ಬೇರೆ ತೆಗೆದಿಟ್ಟೇ ಇಳಿಯಿರಿ. ಉದ್ಯಮ್ ನೋಂದಣಿ, ಅಂದರೆ ನಮ್ಮಂಥ ಸಣ್ಣ ಉದ್ಯಮವನ್ನು ಸರ್ಕಾರದಲ್ಲಿ ದಾಖಲಿಸುವುದು, ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ನಾನು ಗೊತ್ತಿಲ್ಲದೆ ಏಜೆಂಟರಿಗೆ ಸುಮ್ನೆ 1,500 ರೂಪಾಯಿ ಕೊಟ್ಟೆ. ನೋಂದಣಿಯಾದ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಲೇಬೇಕು ಅಂತ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಇದನ್ನು ಅಂಗಡಿ ಮಾಲೀಕರಿಗೂ ತಿಳಿಸಿ ಹೇಳಲಿ. ನಾವು ಹೇಳಿದರೆ ಮರುದಿನದಿಂದ ರೊಟ್ಟಿಯನ್ನೇ ತೆಗೆದುಕೊಳ್ಳುವುದಿಲ್ಲ.

– ಒಬ್ಬ ರೊಟ್ಟಿ ವ್ಯಾಪಾರಿ, ಧಾರವಾಡ